ಹೊಸ ಗಾದಿ ಯಾರ ಕೋಣೆಗೆ?

ಮದುವೆ, ಗೃಹಪ್ರವೇಶ, ದೀಪಾವಳಿ, ಇವು ನಮ್ಮ ಮನೆಗಳಿಗೆ ಹೊಸ ಗಾದಿ ಬರುವ ಕಾಲಗಳು. ಬಂದ ಗಾದಿಯು ಮಗ-ಸೊಸೆಯರ ಕೋಣೆಗೋ ಅತಿಥಿಗಳ ಕೋಣೆಗೋ ಸಾಗುತ್ತದೆ. ಅಲ್ಲಿದ್ದ ಹಳೆಯದು ಮಕ್ಕಳ ಪಾಲಾಗುತ್ತದೆ. ಮಕ್ಕಳು ಕುಣಿದು ನಡುವೆ ತಗ್ಗು ಬಿದ್ದ ಮೇಲೆ ಅದು ಪಡಸಾಲೆಯ ಮೂಲೆಯಲ್ಲಿರುವ ಅಜ್ಜಿಯ ಮಂಚವನ್ನು ಸೇರುತ್ತದೆ. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಹಾಸಿಗೆಯ ಮೇಲಿರುವ ಜೀವಕ್ಕೆ ಎಲ್ಲಕ್ಕಿಂತ ಕೆಟ್ಟ ಹಾಸಿಗೆ! ಯಾರೂ ಕೆಟ್ಟ ಮನಸ್ಸಿನಿಂದ ಹೀಗೆ ಮಾಡುವುದಿಲ್ಲ. ಕೇಳಿದರೆ ಆ ಹಿರಿಯ ಜೀವವೇ, "ನನಗ್ಯಾಕವ್ವ ಹೊಸ ಗಾದಿ, ಇದರಾಗ ಆಗತೈತಿ ಬಿಡು" ಎನ್ನುತ್ತದೆ. ಆ ಮಾತನ್ನು ನಂಬಬಾರದೆಂಬುದು ನಮ್ಮ ಅಭಿಪ್ರಾಯ. ಆದ್ದರಿಂದ ಗಾದಿಯ ಆಯ್ಕೆಯ ವಿಚಾರವನ್ನು ಈ ಸಲ ಹಿರಿಯರನ್ನು ಮುಂದಿಟ್ಟುಕೊಂಡೇ ಬರೆಯುತ್ತಿದ್ದೇವೆ.

ಬೆನ್ನುನೋವಿಗೆ ಗಟ್ಟಿ ಹಾಸಿಗೆಯೇ ಮದ್ದು ಎಂಬ ನಂಬಿಕೆ ನಮ್ಮಲ್ಲಿ ಬಹಳ ಬೇರೂರಿದೆ. ಬರಿಯ ಹಲಗೆಯ ಮೇಲೆ ಚಾಪೆ ಹಾಸಿಕೊಳ್ಳುವವರೂ ಉಂಟು. ಸ್ಪೇನ್ ದೇಶದ ವೈದ್ಯರು ಬಹುಕಾಲದಿಂದ ಸೊಂಟನೋವಿದ್ದ 313 ಜನರಲ್ಲಿ ಕೆಲವರಿಗೆ ಗಟ್ಟಿ ಗಾದಿಯನ್ನೂ ಉಳಿದವರಿಗೆ ಮಧ್ಯಮ ಗಟ್ಟಿಯ ಗಾದಿಯನ್ನೂ ಕೊಟ್ಟು 90 ದಿನ ಪರೀಕ್ಷಿಸಿದರು. 2003ರಲ್ಲಿ 'ಲ್ಯಾನ್ಸೆಟ್' ವೈದ್ಯಪತ್ರಿಕೆಯಲ್ಲಿ ಅದರ ಫಲ ಪ್ರಕಟವಾಯಿತು. ಮಧ್ಯಮ ಗಾದಿಯ ಮೇಲೆ ಮಲಗಿದವರಿಗೇ ಹೆಚ್ಚು ಸುಖ ಕಂಡುಬಂದಿತ್ತು. ವಿಚಾರಿಸಿ ನೋಡಿದರೆ ಇದರಲ್ಲಿ ಆಶ್ಚರ್ಯವಿಲ್ಲ. ಮಗ್ಗುಲಾಗಿ ಮಲಗಿದಾಗ ಭುಜ ಮತ್ತು ಸೊಂಟದ ಎಲುಬು ತುಸು ಒಳಗಿಳಿಯಬೇಕು. ಇಳಿಯದಿದ್ದರೆ ನಡು ಅಂತರದಲ್ಲಿ ನಿಂತು ಸೋಲುತ್ತದೆ. ಮುಪ್ಪಿನಲ್ಲಿ ಎಲುಬಿನ ಮೇಲಿನ ಮಾಂಸ ಕರಗಿರುವುದರಿಂದ ಗಟ್ಟಿ ಹಾಸಿಗೆ ಇನ್ನಷ್ಟು ಒತ್ತುತ್ತದೆ. (ಹಸುಗೂಸಿನ ವಿಷಯ ಮಾತ್ರ ಬೇರೆ. ಒಂದು ವರ್ಷದೊಳಗಿನ ಮಗುವಿಗೆ ಸಮತಟ್ಟಾದ ಗಟ್ಟಿ ಹಾಸಿಗೆಯೇ ಕ್ಷೇಮ. ಮೆತ್ತನೆಯದರಲ್ಲಿ ಮುಖ ಹುದುಗಿದರೆ ಉಸಿರು ಕಟ್ಟುವ ಭಯವಿದೆ.)

ಅಂಗಡಿಯಲ್ಲಿ 'ಆರ್ಥೋಪೆಡಿಕ್' ಎಂಬ ಚೀಟಿ ಕಂಡೊಡನೆ ಮರುಳಾಗಬೇಕಾಗಿಲ್ಲ. ಅದು ವ್ಯಾಪಾರದ ಮಾತು, ವೈದ್ಯರ ಸಲಹೆಯಲ್ಲ. ಹಲವು ಸಲ ಅದರೊಳಗೆ ಇರುವುದು ಫೋಮಿನ ಚೂರುಗಳನ್ನು ಅಂಟಿಸಿ ಒತ್ತಿ ಮಾಡಿದ ಗಡುಸು ಹಲಗೆ. ತೆಂಗಿನ ನಾರಿಗೆ ರಬ್ಬರ್ ಹಾಲು ಸಿಂಪಡಿಸಿ ಮಾಡುವ ಕಾಯರ್ ಗಾದಿಯಲ್ಲಿ ಗಾಳಿಯಾಡುತ್ತದೆ, ಸೆಕೆಗೆ ಒಳ್ಳೆಯದು. ಆದರೆ ಸದಾ ಒಂದೇ ಕಡೆ ಮಲಗಿದರೆ ಅಲ್ಲಿ ತಗ್ಗು ಬೀಳುತ್ತದೆ. ಫೋಮ್ ಕೊಳ್ಳುವವರು 'ಡೆನ್ಸಿಟಿ' ಎಷ್ಟೆಂದು ಕೇಳಬೇಕು. 32 ಎಂದರೆ ಒಂದು ಘನ ಮೀಟರ್ ಫೋಮ್ 32 ಕಿಲೋ ತೂಗುತ್ತದೆ ಎಂದರ್ಥ. ಈ ಅಂಕಿ ಬಾಳಿಕೆಯನ್ನು ಸೂಚಿಸುತ್ತದೆಯೇ ಹೊರತು ಗಟ್ಟಿತನವನ್ನಲ್ಲ. ಎಷ್ಟೋ ವರ್ತಕರೂ ಎರಡನ್ನೂ ಒಂದೇ ಎಂದು ಹೇಳಿಬಿಡುತ್ತಾರೆ. ಅಮೆರಿಕದಲ್ಲಿ 1966ರಲ್ಲಿ ವಿಮಾನದ ಆಸನಗಳಿಗಾಗಿ ರೂಪಿಸಿದ 'ಮೆಮೊರಿ ಫೋಮ್' ಈಗ ನಮ್ಮ ಪಟ್ಟಣಗಳಿಗೂ ಬಂದಿದೆ. ಮೈಯ ಬಿಸಿಗೆ ಮೆದುವಾಗಿ ಮೈಯನ್ನು ಒಳಗೆಳೆದುಕೊಳ್ಳುವುದು ಅದರ ಗುಣ. ರಾಯಚೂರು, ಕಲಬುರ್ಗಿಗಳ ಬೇಸಿಗೆಯಲ್ಲಿ ಅದು ಎಷ್ಟು ಹಿತವೆಂಬುದನ್ನು ಓದುಗರೇ ಊಹಿಸಬಹುದು. ಶಕ್ತಿ ಕುಂದಿದವರು ಅದರಲ್ಲಿ ಮಗ್ಗುಲು ಬದಲಿಸುವುದೂ ಕಷ್ಟ.

ಗಾದಿಯ ಎತ್ತರವನ್ನು ಯಾರೂ ಲೆಕ್ಕಿಸುವುದಿಲ್ಲ. ಅಜ್ಜನ ಕಾಲದ ಎತ್ತರದ ಸಾಗವಾನಿ ಮಂಚದ ಮೇಲೆ 8 ಅಂಗುಲದ ಗಾದಿ ಹಾಸಿದರೆ, ಕುಳಿತವರ ಕಾಲು ತೂಗಾಡುತ್ತದೆ. ನಡುರಾತ್ರಿ ಬಚ್ಚಲಿಗೆ ಏಳುವಾಗ ಜಾರಿ ಬೀಳಲು ಅಷ್ಟೇ ಸಾಕು. ತೊಡೆಯ ಎಲುಬು ಮುರಿದ ಮುದುಕರ ಪಾಡನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಸಿಗೆಯ ಅಂಚಿನಲ್ಲಿ ಕುಳಿತಾಗ ಎರಡೂ ಪಾದಗಳು ಪೂರ್ತಿ ನೆಲಕ್ಕೆ ಊರಬೇಕು, ಮೊಣಕಾಲು ನೆಟ್ಟಗೆ ಬಾಗಿರಬೇಕು. ಮಂಚದ ಎತ್ತರವನ್ನು ಮನೆಯಲ್ಲೇ ಅಳೆದುಕೊಂಡು ಅಂಗಡಿಗೆ ಹೋಗಿರಿ. ಅಂಚು ಕುಸಿಯುವ ಗಾದಿಯನ್ನು ಬೆಲೆ ಎಷ್ಟೇ ಇಳಿಸಿದರೂ ತರಬೇಡಿರಿ, ಏಳುವವರ ಕೈಗೆ ಆಸರೆ ಸಿಕ್ಕುವುದು ಅಲ್ಲಿಯೇ.

ಯಾರಿಗಾಗಿ ಕೊಳ್ಳುವುದೋ ಅವರನ್ನು ಕರೆದುಕೊಂಡೇ ಹೋಗಬೇಕು. ಕೈಯಿಂದ ಒತ್ತಿ ನೋಡುವುದು ಪರೀಕ್ಷೆಯಲ್ಲ. ದಿನವೂ ಮಲಗುವ ಮಗ್ಗುಲಿಗೆ ಹತ್ತು ಹದಿನೈದು ನಿಮಿಷವಾದರೂ ಮಲಗಿ ನೋಡಬೇಕು. ನಾಲ್ಕು ಜನರೆದುರು ಮಲಗುವುದು ಹಿರಿಯ ಹೆಣ್ಣುಮಕ್ಕಳಿಗೆ ಸಂಕೋಚವೇ. ಗಿರಾಕಿಗಳಿಲ್ಲದ ಬೆಳಗಿನ ಹೊತ್ತಿಗೆ ಹೋದರೆ ವರ್ತಕರೂ ಸಹಕರಿಸುತ್ತಾರೆ. ಕೆಲವು ಕಂಪನಿಗಳು ಮನೆಯಲ್ಲಿ ಕೆಲವು ರಾತ್ರಿ ಮಲಗಿ ನೋಡಿ, ಒಪ್ಪದಿದ್ದರೆ ಮರಳಿಸಲು ಅವಕಾಶ ಕೊಡುತ್ತವೆ. ಆ ಕರಾರನ್ನು ಬರಹದಲ್ಲಿ ಪಡೆಯಿರಿ. ಹತ್ತು ವರ್ಷದ ವಾರಂಟಿ ಎಂದರೆ ಹತ್ತು ವರ್ಷದ ಸುಖನಿದ್ರೆಯ ಭರವಸೆಯಲ್ಲ. ಇಷ್ಟು ಆಳ ತಗ್ಗು ಬಿದ್ದರೆ ಮಾತ್ರ ಎಂಬ ಷರತ್ತು ಅದರಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ.

ಅರಳೆಯ ಗಾದಿಯ ಮೇಲೆಯೇ ಬಾಳು ಸವೆಸಿದವರಿಗೆ ಫೋಮು ಒಗ್ಗದಿರಬಹುದು. ಅಂಥವರಿಗೆ ಅರಳೆಯೇ ಇರಲಿ. ಬಿಲ್ಲು ಹೆಗಲಿಗೇರಿಸಿ ಓಣಿಗೆ ಬರುತ್ತಿದ್ದ ಪಿಂಜಾರರು ಈಗ ವಿರಳ. ಆದರೂ ಹತ್ತಿ ಹಿಂಜುವ ಯಂತ್ರವಿಟ್ಟವರು ಅನೇಕ ಪಟ್ಟಣಗಳಲ್ಲಿದ್ದಾರೆ. ಹಿಂಜಿಸಿ, ಬಿಸಿಲಿಗೆ ಹಾಕಿ, ಹೊಸ ಗವಸು ಹೊಲಿಸಿ, ಕೆಳಗೊಂದು ತೆಳುವಾದ ಕಾಯರ್ ಗಾದಿಯನ್ನಿಟ್ಟರೆ ಕಡಿಮೆ ಖರ್ಚಿನಲ್ಲಿ ಒಳ್ಳೆಯ ಹಾಸಿಗೆಯಾಗುತ್ತದೆ. ಹಾಸಿಗೆ ಹಿಡಿದವರಿಗಾದರೆ ವಿದ್ಯುತ್ತಿನಿಂದ ಗಾಳಿ ತುಂಬಿ ಇಳಿಯುವ ಹಾಸಿಗೆ ಬೇಕು. ಅದಿದ್ದರೂ ಅವರ ಮಗ್ಗುಲನ್ನು ಎರಡು ಗಂಟೆಗೊಮ್ಮೆ ಬದಲಿಸುವ ಕೆಲಸ ತಪ್ಪದು.

ಹೊಸ ಗಾದಿ ತಂದ ದಿನವೇ ಅದರ ಪ್ಲಾಸ್ಟಿಕ್ ಹೊದಿಕೆಯನ್ನು ತೆಗೆದುಬಿಡಿರಿ. ಕೊಳೆಯಾದೀತೆಂದು ಹಿರಿಯರು ಬೇಡವೆನ್ನುತ್ತಾರೆ, ಅದರ ಮೇಲೆಯೇ ಬೆವರುತ್ತ ಮಲಗುತ್ತಾರೆ. ಒಗೆಯಬಹುದಾದ ದಪ್ಪ ಹತ್ತಿಯ ಗವಸುಗಳನ್ನು ಎರಡು ಹೊಲಿಸಿಕೊಟ್ಟರೆ ಆ ಚಿಂತೆಯೂ ಉಳಿಯದು.