ಮೇಷ್ಟ್ರ ಹೋಂವರ್ಕು



ಈ ವಾರ ಮೇಷ್ಟ್ರುಗಳ ಹೋಂವರ್ಕಿನ ವಿಷಯ. ಹೌದು, ಅವರಿಗೂ ಇದೆ! ನೋಡಲು, ಕೇಳಲು, ಕಲಿಯಲು ಕಷ್ಟವಿರುವ ಮಗು ತರಗತಿಯಲ್ಲಿದ್ದರೆ, ಆ ಒಂದು ಮಗುವಿಗಾಗಿಯೇ ಮೇಷ್ಟ್ರು ವರ್ಷದ ಯೋಜನೆ ಬರೆಯುತ್ತಾರೆ. ಈಗ ಏನು ಬರುತ್ತದೆ, ಮುಂದೆ ಏನು ಕಲಿಸಬೇಕು, ಯಾರು ಕಲಿಸುತ್ತಾರೆ, ಕಲಿತದ್ದು ಗೊತ್ತಾಗುವುದು ಹೇಗೆ, ಇಷ್ಟೂ ಅದರಲ್ಲಿರಬೇಕು. ವೈಯಕ್ತಿಕ ಶಿಕ್ಷಣ ಯೋಜನೆ ಎಂದು ಅದರ ಹೆಸರು. ಮೇಷ್ಟ್ರುಗಳ ಬಾಯಲ್ಲಿ ಐ.ಇ.ಪಿ.

ನನ್ನ ತಂಗಿಯ ಮಗಳು ಇಂಥ ಮಕ್ಕಳಿಗಾಗಿ ತಾಲ್ಲೂಕಿನ ಶಾಲೆಗಳಿಗೆ ತಿರುಗುವ ಸಂಪನ್ಮೂಲ ಶಿಕ್ಷಕಿ. ಯೋಜನೆ ಬರೆಯುವುದನ್ನು ಬೇರೆ ಶಿಕ್ಷಕರಿಗೂ ಕಲಿಸುತ್ತಾಳೆ. ಒಮ್ಮೆ ತರಬೇತಿಗೆಂದು ಹೆಸರು ಅಳಿಸಿದ ಒಂದು ಕಡತ ತಂದಿದ್ದಳು. ಗುರಿ ಎಂಬಲ್ಲಿ, ‘ಗಣಿತದಲ್ಲಿ ಸುಧಾರಣೆ ತರುವುದು.’ ಹಿಂದಿನ ವರ್ಷದ್ದು ತಿರುವಿದೆ, ಅದೇ. ಅದರ ಹಿಂದಿನದೂ ಅದೇ. ತಾರೀಖು ಮಾತ್ರ ಬೇರೆ. ಅಷ್ಟರಲ್ಲಿ ಹುಡುಗ ಎರಡನೆಯ ತರಗತಿಯಿಂದ ನಾಲ್ಕಕ್ಕೆ ಬಂದಿದ್ದ.

ನಾನು ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು. ಆರಂಭದ ಶಿಲ್ಕು ಎಷ್ಟು, ಜಮಾ ಎಷ್ಟು ಎಂದು ಬರೆಯದೆ ‘ಖಾತೆ ಸುಧಾರಿಸಿದೆ’ ಎಂದಿದ್ದರೆ ನಮ್ಮ ಮ್ಯಾನೇಜರು ಸುಮ್ಮನಿರುತ್ತಿದ್ದರೇ? ಹಾಗೆಂದಾಗ ಅವಳು, “ಮಾವ, ಮೇಷ್ಟ್ರುಗಳನ್ನು ಬೈಯಬೇಡಿ. ಬರೆಯಿರಿ ಎಂದು ಎಲ್ಲರೂ ಹೇಳುತ್ತಾರೆ, ಹೇಗೆ ಅಂತ ಯಾರೂ ಕೂರಿಸಿ ಹೇಳಿಕೊಟ್ಟಿಲ್ಲ” ಎಂದಳು. ಅದೂ ನಿಜವೇ. ಬಿಸಿಯೂಟದ ಲೆಕ್ಕ, ಹಾಜರಿ, ಒಂದರ ಮೇಲೊಂದು ನಮೂನೆ. ಇವುಗಳ ನಡುವೆ ಇದೂ ಒಂದು ನಮೂನೆಯಾಗಿಬಿಡುತ್ತದೆ.

ಅವಳ ತರಬೇತಿಯಲ್ಲಿ ಮೊದಲ ಕೆಲಸ, ಮಗುವಿಗೆ ಬರುವುದನ್ನು ಮಾತ್ರ ಬರೆಯುವುದು. ‘ಬರುವುದಿಲ್ಲ’ ಎಂಬ ಪದಕ್ಕೆ ಅಂದು ರಜೆ. ಗೊತ್ತಿಲ್ಲದಿದ್ದರೆ ಮನೆಯವರನ್ನು ಕೇಳಬೇಕು. ಈ ಹುಡುಗನ ಮೇಷ್ಟ್ರು ಹಾಗೆ ಕೇಳಲು ಹೋದಾಗ ಅಜ್ಜಿ ಜಗಲಿಯಲ್ಲಿ ಹೂ ಕಟ್ಟುತ್ತಿದ್ದರಂತೆ. ಪಕ್ಕದಲ್ಲಿ ಕೂತ ಹುಡುಗ ನಾಲ್ಕು ನಾಲ್ಕೇ ಮಲ್ಲಿಗೆ ಎತ್ತಿ ಅಜ್ಜಿಯ ಕೈಗಿಡುತ್ತಿದ್ದ, ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಕಡತದಲ್ಲಿ ಮಾತ್ರ ಅವನಿಗೆ ಎಣಿಕೆಯೇ ಬಾರದು!

ಆರಂಭದ ಶಿಲ್ಕು ಸಿಕ್ಕಿತಲ್ಲ, ಗುರಿಯೂ ಬದಲಾಯಿತು: ‘ಡಿಸೆಂಬರ್ ಕೊನೆಯೊಳಗೆ, ಒಂದು ರೂಪಾಯಿ ನಾಣ್ಯಗಳಿಂದ ಹತ್ತರೊಳಗೆ ಕೇಳಿದಷ್ಟನ್ನು, ಐದು ಸಲದಲ್ಲಿ ನಾಲ್ಕು ಸಲ, ಸಹಾಯವಿಲ್ಲದೆ ಎಣಿಸಿ ಕೊಡುವನು.’ ಶಾಲೆಯಲ್ಲಿ ದಿನಕ್ಕೆ ಕಾಲು ಗಂಟೆ ಮೇಷ್ಟ್ರು, ಸಂಜೆ ಅಜ್ಜಿ. ಹದಿನೈದು ದಿನಕ್ಕೊಮ್ಮೆ ಪರೀಕ್ಷಿಸಿ ಗುರುತು ಹಾಕುವುದು. ಎಣಿಕೆ ಮುಂದೆ ಹೋಗದಿದ್ದರೆ ಕಲಿಸುವ ರೀತಿ ಬದಲಿಸುವುದು. ಈ ಒಂದು ವಾಕ್ಯ ತಿದ್ದಲು ಒಂದೂವರೆ ಗಂಟೆ ಹಿಡಿಯಿತಂತೆ. ಡಿಸೆಂಬರಿನಲ್ಲಿ ಐದಕ್ಕೆ ಮೂರು ಬಂತು. ಗುರಿ ಮುಟ್ಟಲಿಲ್ಲ, ನಿಜ. ಆದರೆ ಎಲ್ಲಿ ನಿಂತಿತೆಂದು ತಿಳಿಯಿತು: ಏಳಾದ ಮೇಲೆ ಅವನು ಎಂಟನ್ನು ಹಾರಿಸುತ್ತಾನೆ.

ಅಮೆರಿಕದಲ್ಲಿ ಇಂಥ ಯೋಜನೆ ಬರೆಯಲೇಬೇಕೆಂಬ ಕಾನೂನು 1975ರಲ್ಲೇ ಬಂತು. ಅಲ್ಲೂ ಇದೇ ಗೋಳು. ಕೊಲೊರಾಡೊ ರಾಜ್ಯದ, ಆಟಿಸಂ ಇದ್ದ ಹುಡುಗನೊಬ್ಬನ ತಂದೆತಾಯಿ, ವರ್ಷ ವರ್ಷವೂ ಹೆಚ್ಚುಕಡಿಮೆ ಅವೇ ಗುರಿಗಳು ಎಂದು ಕೋರ್ಟಿಗೆ ಹೋದರು. ಯೋಜನೆ ಎಂದರೆ ಆ ಮಗುವಿನ ಪರಿಸ್ಥಿತಿಗೆ ತಕ್ಕ ಪ್ರಗತಿ ಸಾಧ್ಯವಾಗುವಂತಿರಬೇಕು ಎಂದು 2017ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಒಮ್ಮತದಿಂದ ಹೇಳಿತು. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿದೆ. ಇಂಥ ಪ್ರತಿ ವಿದ್ಯಾರ್ಥಿಯ ಪ್ರಗತಿಯನ್ನೂ ಗಮನಿಸಬೇಕೆಂದು ಅದರಲ್ಲೂ ಇದೆ.

ಮಕ್ಕಳೇ, ‘ಅವನಿಗೆ ಮಾತ್ರ ಸುಲಭದ ಲೆಕ್ಕ ಯಾಕೆ?’ ಎಂದು ನಿಮಗೆ ಅನ್ನಿಸಬಹುದು. ನಮ್ಮ ಬ್ಯಾಂಕಿನಲ್ಲಿ ಸಹಿ ಬಾರದವರು ಹೆಬ್ಬೆಟ್ಟು ಒತ್ತುತ್ತಿದ್ದರು. ಅದಕ್ಕಾಗಿ ಅವರ ಖಾತೆಯಲ್ಲಿ ಒಂದು ಪೈಸೆಯೂ ಕಡಿಮೆಯಾಗುತ್ತಿರಲಿಲ್ಲ.

ಅಜ್ಜ ಅಜ್ಜಿಯರೇ, ನಿಮ್ಮ ಮನೆಯಲ್ಲೂ ಇಂಥ ಮಗುವಿದ್ದು ಶಾಲೆಯವರು ಯೋಜನೆಯ ಸಭೆಗೆ ಕರೆದರೆ, ಮೊದಲೇ ಒಂದು ವಾರ ಮಗು ತಾನಾಗಿ ಮಾಡಿದ್ದನ್ನೆಲ್ಲ ಹಾಳೆಯಲ್ಲಿ ಬರೆದಿಡಿ. ಚಿಲಕ ಹಾಕಿದ್ದು, ಚಪ್ಪಲಿ ಜೋಡಿ ಮಾಡಿದ್ದು, ಊಟಕ್ಕೆ ಎಷ್ಟು ಜನವೋ ಅಷ್ಟೇ ತಟ್ಟೆ ಇಟ್ಟದ್ದು. ಚಿಲ್ಲರೆ ಸಂಗತಿ ಎಂದು ಬಿಡಬೇಡಿ. ಆ ಹಾಳೆಯನ್ನು ಮೇಷ್ಟ್ರ ಕೈಗೆ ಕೊಟ್ಟು, ಯೋಜನೆಯ ಒಂದು ನಕಲು ಕೇಳಿ ತನ್ನಿ.