ಚುಕ್ಕೆಯಲ್ಲ, ದೇಶ (ಭಾಗ 3)

"ಮುಳುಗೋ ಮುಂಚೆ ಒಮ್ಮೆ ನೋಡ್ಕೊಂಡು ಬನ್ನಿ" ಅಂತ ತುವಾಲು ಬಗ್ಗೆ ರೀಲ್ಸ್ ಶೇರ್ ಮಾಡ್ತೀವಲ್ಲ, ನಾಚಿಕೆ ಆಗಲ್ವಾ?

ಪೆಸಿಫಿಕ್ ಸಾಗರದಲ್ಲಿ 9 ಹವಳದ ದ್ವೀಪಗಳು. ಒಟ್ಟು ನೆಲ ಸುಮಾರು 26 ಚದರ ಕಿಲೋಮೀಟರ್. ಜನ ಸುಮಾರು 11 ಸಾವಿರ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಫುನಾಫುಟಿಯಲ್ಲೇ. ಅತಿ ಎತ್ತರದ ಜಾಗವೂ ಸುಮಾರು 5 ಮೀಟರ್ ಅಷ್ಟೇ. ಉಬ್ಬರ ಜೋರಾದ್ರೆ ಉಪ್ಪುನೀರು ನೆಲದೊಳಗಿಂದಲೇ ಉಕ್ಕುತ್ತೆ, ಗಡ್ಡೆ ಬೆಳೆಯೋ ಗುಂಡಿಗಳು ಹಾಳಾಗ್ತವೆ.

2023ರ ಒಪ್ಪಂದದ ಪ್ರಕಾರ ವರ್ಷಕ್ಕೆ 280 ಜನ ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಬಹುದು. ಸರಿ, ಊರನ್ನೂ ಹೊತ್ತುಕೊಂಡು ಹೋಗೋಕಾಗುತ್ತಾ? ಹೊಗೆ ಬಿಟ್ಟಿದ್ದು ದೊಡ್ಡ ದೇಶಗಳು, ಗಂಟುಮೂಟೆ ಕಟ್ಟೋದು ಇವರಾ?

ಅವರೇನೂ ಕೈಕಟ್ಟಿ ಕೂತಿಲ್ಲ. ಫುನಾಫುಟಿಯಲ್ಲಿ ಕಡಲಂಚಿಗೆ ಮರಳು ತುಂಬಿ ಹೊಸ ನೆಲ ಎಬ್ಬಿಸಿದ್ದಾರೆ.

"ಅಯ್ಯೋ ಪಾಪ" ಅನ್ನೋದು ಬಿಡಿ. "ತಪ್ಪು ಯಾರದು?" ಅಂತ ಕೇಳಿ.