ಕತ್ತಿನ ಮೇಲೆ ಕಡಲು!

ಪೀಣ್ಯದಲ್ಲಿ ಲೇತ್ ನಡೆಸುವ ನನ್ನ ಗೆಳೆಯ ಮೊನ್ನೆ ಟೀ ಅಂಗಡಿಯಲ್ಲಿ ಮೊಬೈಲು ಚಾಚಿದ. "ಮಲ್ಪೆ ಬೀಚು ಗುರೂ! 2014ರಲ್ಲಿ ಬಂದ 'ಉಳಿದವರು ಕಂಡಂತೆ' ಕಥೆ ನಡೆಯೋ ಊರು. ಹೇಗಿದೆ ನನ್ನ ಪೋಸು?"

ನೋಡಿದೆ. ಬಾನು-ಕಡಲು ಕೂಡುವ ಗೆರೆ ಸರಿಯಾಗಿ ಇವನ ಕತ್ತನ್ನೇ ಕೊಯ್ದಿದೆ! ಮಲ್ಪೆಯ ಕಡಲು ಪಡುವಣಕ್ಕೆ; ಸಂಜೆ ಸೂರ್ಯ ಇವನ ಬೆನ್ನಿಗೆ. ಮುಖವೋ, ಇದ್ದಿಲು!

"ಕ್ಯಾಮೆರಾ ಎಷ್ಟು ಎತ್ತರದಲ್ಲಿದ್ರೆ ಆ ಗೆರೆಯೂ ಅಷ್ಟೇ ಎತ್ತರಕ್ಕೆ ಬರುತ್ತೆ ಕಣೋ. ತೆಗೆದವನು ಮಂಡಿಯೂರಿದ್ರೆ ನಿನ್ನ ಸೊಂಟಕ್ಕೆ ಇಳೀತಿತ್ತು" ಎಂದೆ.

ಆಗಲೇ ಎಡಮೂಲೆ ಕಣ್ಣಿಗೆ ಬಿತ್ತು. ಪಂಚೆ ಎತ್ತಿ ಹಿಡಿದ ಹಿರಿಯರೊಬ್ಬರು. ಕಾಲಿಗೆ ಅಲೆ, ಕೆನ್ನೆಗೆ ಓರೆ ಬಿಸಿಲು, ಬಾಯ್ತುಂಬ ನಗು. ಕ್ಯಾಮೆರಾ ಇದೆ ಅನ್ನೋದೇ ಅವರಿಗೆ ಗೊತ್ತಿಲ್ಲ!

"ಅದಾ? ನಮ್ಮಪ್ಪ. ಪಾವಗಡ ಬಿಟ್ಟು ಹೊರಟವರಲ್ಲ. ಸಮುದ್ರ ನೋಡಿದ್ದೇ ಮೊದಲ ಸಲ. ಅಡ್ಡ ಬಂದ್ರು, ಕಟ್ ಮಾಡ್ಬಿಡ್ತೀನಿ."

"ಕಟ್ ಮಾಡೋದಾದ್ರೆ ನಿನ್ನನ್ನ ಮಾಡ್ಕೊಳಯ್ಯಾ. ಈ ಚಿತ್ರಕ್ಕೆ ಹೀರೋ ಅವರೇ!"

ಸಿಟ್ಟಾಗಿ ಎದ್ದುಹೋದ. ಟೀ ಕಾಸು ನನ್ನ ತಲೆಗೆ! ಮರುದಿನ ಅವನ ಮೊಬೈಲಿನ ತೆರೆಯ ಮೇಲೆ ಅಪ್ಪ ಒಬ್ಬರೇ ನಗುತ್ತಿದ್ದರು.

ಮಿತ್ರರೇ, ನಿಮ್ಮ ಫೋಟೋ ಕತ್ತರಿಸುವ ಮುಂಚೆ ಮೂಲೆಗಳನ್ನೂ ಒಮ್ಮೆ ನೋಡ್ಕೊಳ್ಳಿ.